ತಾಯಿಗಡಿಗೆಯ ಹೆಪ್ಪು

ನಮ್ಮೂರಿನಲ್ಲಿ ನಿದ್ದೆ ತಾನಾಗಿ ಬರುವುದಿಲ್ಲ. ರಾತ್ರಿ ಊಟದ ಕೊನೆಗೆ ಮೊಸರನ್ನ ಉಣ್ಣಬೇಕು. ಆ ಮೊಸರು ಚೆನ್ನಾಜಮ್ಮನವರ ಮನೆಯ ತಾಯಿಗಡಿಗೆಯಿಂದ ತಂದ ಹೆಪ್ಪಿನಿಂದಲೇ ಆಗಿರಬೇಕು. ಹಾಗಿದ್ದರೆ ನಿದ್ದೆ, ಇಲ್ಲದಿದ್ದರೆ ಬೆಳಗಿನವರೆಗೆ ಸೂರು ನೋಡಿಕೊಂಡು ಬಿದ್ದಿರುವುದು. ಪಟ್ಟಣದಿಂದ ಪ್ಯಾಕೆಟ್ ಮೊಸರು ತರಿಸಿ ತಿಂದು ನೋಡಿದವರಿದ್ದಾರೆ. ಹೊಟ್ಟೆ ತಂಪಾಯಿತು, ಅಷ್ಟೆ. ಹೊರಗಿನವರು ಇದನ್ನು ಕೇಳಿ ನಗುತ್ತಾರೆ. ನಗಲಿ ಬಿಡಿ. ಅವರ ಊರಿನಲ್ಲಿ ಏನೇನು ನಡೆಯುತ್ತದೋ ನಮಗೇನು ಗೊತ್ತು.

ನನ್ನ ಹೆಸರು ಸಿದ್ಲಿಂಗ. ಚೆನ್ನಾಜಮ್ಮನವರ ಮನೆಯ ಎದುರಿಗೇ ನನ್ನ ಇಸ್ತ್ರಿ ಅಂಗಡಿ. ದಿನವಿಡೀ ನಿಂತು ಮಾಡುವ ಕೆಲಸ. ಕೈಗೆ ಬಿಡುವಿಲ್ಲ, ಕಣ್ಣಿಗೆ ಬೇಕಾದಷ್ಟಿದೆ. ಹಾಗಾಗಿ ಅವರ ಜಗಲಿಯ ಮೇಲೆ ನಡೆದದ್ದನ್ನೆಲ್ಲ ನಾನು ನೋಡಿದ್ದೇನೆ. ಯಾರೋ ಹೇಳಿದ್ದನ್ನು ಕೇಳಿಕೊಂಡು ನಿಮಗೆ ಹೇಳುತ್ತಿಲ್ಲ.

ತಾಯಿಗಡಿಗೆ ಎಂದರೆ ಸೊಂಟದೆತ್ತರದ ಮಣ್ಣಿನ ಗಡಿಗೆ. ಜಗಲಿಯ ಮೇಲೆ ಬಯಲಿನಲ್ಲೇ ಇತ್ತು. ಬೇಲಿಯಿಲ್ಲ, ಬೀಗವಿಲ್ಲ. ಯಾರು ಬೇಕಾದರೂ ಬಂದು ಇಣುಕಬಹುದು, ಒಳಗೆ ಏನು ಹಾಕುತ್ತೀರಿ ಎಂದು ಕೇಳಬಹುದು. ಹೆಪ್ಪಿಗೆ ದುಡ್ಡಿಲ್ಲ. ಸಂಜೆಯಾದರೆ ಊರೆಲ್ಲ ಬಟ್ಟಲು ಹಿಡಿದು ಸಾಲು ನಿಲ್ಲುತ್ತಿತ್ತು. ಹೆಪ್ಪು ಹಾಕಿಸಿಕೊಂಡವರು ಅಲ್ಲೇ ಒಂದು ತೊಟ್ಟು ನಾಲಿಗೆಗೆ ಹಚ್ಚಿಕೊಂಡು, ಎಲ್ಲರಿಗೂ ಕೇಳುವ ಹಾಗೆ "ಸರಿಯಿದೆ" ಎಂದು ಹೇಳಿ ಹೋಗಬೇಕು. ಇದು ಚೆನ್ನಾಜಮ್ಮನವರ ಅತ್ತೆಯ ಅತ್ತೆ ಮಾಡಿಟ್ಟ ಪದ್ಧತಿ. ಊರಿನ ನಿದ್ದೆಯೆಲ್ಲ ಒಬ್ಬಳ ಕೈಯಲ್ಲಿರುವುದಾದರೆ ಊರಿನ ನಾಲಿಗೆ ಆ ಕೈಯ ಮೇಲಿರಲಿ ಎಂದು ಆ ಹೆಂಗಸು ಯೋಚಿಸಿರಬೇಕು.

ಪದ್ಧತಿಯೇನೋ ಚೆನ್ನಾಗಿತ್ತು. ಆದರೆ ಸಾಲು ಉದ್ದ, ಮನೆಯಲ್ಲಿ ಒಲೆಯ ಮೇಲೆ ಸಾರು ಕುದಿಯುತ್ತಿರುತ್ತದೆ. ಮುಂದಿದ್ದವನು ರುಚಿ ನೋಡಿದ್ದಾನಲ್ಲ ಎಂದುಕೊಂಡು ಹಿಂದಿದ್ದವನು ನಾಲಿಗೆಗೆ ಹಚ್ಚಿಕೊಳ್ಳದೆಯೇ "ಸರಿಯಿದೆ" ಎಂದ. ಮುಂದಿದ್ದವನೂ ತನ್ನ ಮುಂದಿದ್ದವನನ್ನು ನೋಡಿ ಹಾಗೆಯೇ ಅಂದಿದ್ದ ಎಂಬುದು ಇವನಿಗೆ ಹೇಗೆ ಗೊತ್ತಾಗಬೇಕು? ಬರಬರುತ್ತಾ ಆ ಮಾತು ನಮಸ್ಕಾರ ಎಂದ ಹಾಗಾಯಿತು. ಎಲ್ಲರೂ ಹೇಳುತ್ತಿದ್ದರು, ಯಾರೂ ನಾಲಿಗೆ ಹೊರಗೆ ಹಾಕುತ್ತಿರಲಿಲ್ಲ. ನಾನೂ ಊರಿನವನೇ ಅಲ್ಲವೇ, ನಾನೇನು ಬೇರೆ ಮಾಡುತ್ತಿದ್ದೆ.

ಗಡಿಗೆಗೆ ಜಾವಕ್ಕೊಮ್ಮೆ ಸೌಟು ಹಾಕಿ ಕೈಯಾಡಿಸಬೇಕು. ಒಂದು ಜಾವ ತಪ್ಪಿದರೂ ಅದು ಬರೀ ಹುಳಿ ಮೊಸರು. ಹೀಗಾಗಿ ಊರನ್ನೆಲ್ಲ ಮಲಗಿಸುತ್ತಿದ್ದ ಚೆನ್ನಾಜಮ್ಮನವರಿಗೆ ಒಂದು ಇಡೀ ರಾತ್ರಿಯ ನಿದ್ದೆ ಎಂದರೇನೆಂದು ಗೊತ್ತಿರಲಿಲ್ಲ. ಮಲಗುವುದು, ಏಳುವುದು, ಗೋಡೆ ಹಿಡಿದು ಬಂದು ಚಿಪ್ಪಿನ ಸೌಟು ತಿರುಗಿಸುವುದು, ಮತ್ತೆ ಮಲಗುವುದು. ಗಂಡ ತೀರಿಕೊಂಡ ದಿನವೂ ಹೆಣದ ಪಕ್ಕದಿಂದ ಎದ್ದು ಬಂದು ಕೈಯಾಡಿಸಿ ಹೋಗಿದ್ದರು. ಅವತ್ತು ಸಂಜೆಯೂ ಜನ ಬಟ್ಟಲು ಹಿಡಿದು ನಿಂತಿದ್ದರು. ಪಾಪ, ಅವರಿಗೂ ಮಲಗಬೇಕಲ್ಲ.

ಇಷ್ಟೆಲ್ಲ ಮಾಡಿದರೂ ಊರಿಗೆ ಸಮಾಧಾನವಿರಲಿಲ್ಲ. ಬಿಟ್ಟಿಯಾಗಿ ಸಿಕ್ಕಿದ್ದರಲ್ಲಿ ಹುಳುಕು ಹುಡುಕುವುದರಲ್ಲಿ ನಮ್ಮವರದು ಎತ್ತಿದ ಕೈ. ಊರಿನ ಯಜಮಾನರು ತೋಂಟಯ್ಯನವರು. ಪೇಟ ಸುತ್ತಿಕೊಂಡು ಸಾಲಿನ ಮೊದಲಲ್ಲೇ ನಿಲ್ಲುವ ದೊಡ್ಡ ಮನುಷ್ಯರು. ಅವರೇ ಶುರು ಮಾಡಿದ್ದು. "ಏನಮ್ಮ ಚೆನ್ನಾಜಮ್ಮ, ನಿಮ್ಮ ಹೆಪ್ಪು ಬಲು ನಿಧಾನ. ಉಂಡು ಮಲಗಿದ್ರೆ ಜೋಂಪು ಹತ್ತೋಕೇ ಅರ್ಧ ರಾತ್ರಿ ಬೇಕು. ಏನಾದ್ರೂ ಮಾಡಬಾರ್ದಾ?" ಇನ್ನೊಬ್ಬರು ಕನಸು ಜಾಸ್ತಿ ಎಂದರು. ಮತ್ತೊಬ್ಬರು, "ಕೈಲಾಗದಿದ್ರೆ ಬೇರೆ ಯಾರ್ನಾದ್ರೂ ಜೊತೆಗೆ ಹಾಕ್ಕೊಳ್ಳಿ, ಊರಿನ ವಿಷಯ ಇದು" ಎಂದು ಮೂಗು ಮುರಿದರು. ಯಾರನ್ನು ಹಾಕಿಕೊಳ್ಳಬೇಕು, ನೀವು ಬರುತ್ತೀರಾ ಎಂದು ಚೆನ್ನಾಜಮ್ಮನವರು ಕೇಳಿದರೆ ಎಲ್ಲರಿಗೂ ಮನೆಯಲ್ಲಿ ಕೆಲಸ.

ಮುರಾರಿ ಬಂದದ್ದು ಆಗ. ಪಾತ್ರೆ ಮಾರಿಕೊಂಡು ಬಂದವನು, ಛತ್ರದಲ್ಲಿ ಇಳಿದುಕೊಂಡ. ಯಾವ ಊರು, ಯಾರ ಮಗ ಎಂದು ಕೇಳಿದರೆ ನಗುತ್ತಾ ಬೇರೆ ಮಾತು ತೆಗೆಯುತ್ತಿದ್ದ. ಆದರೆ ಎಂಥ ಸೌಮ್ಯ, ಎಂಥ ನಯ! ಒಂದು ದಿನ ಸಾಲು ನೇರ ಮಾಡಿದ. ಇನ್ನೊಂದು ದಿನ ಜಗಲಿ ಗುಡಿಸಿದ. ಆಮೇಲೆ ಹಾಲು ಕಾಯಿಸಿ ಕೊಟ್ಟ. ಎಷ್ಟೋ ಮಳೆಗಾಲ ಕಳೆದವು. ಒಂದು ದಿನವೂ ಏನೂ ಕೇಳಲಿಲ್ಲ, ಒಂದು ದಿನವೂ ತಪ್ಪಿಸಲಿಲ್ಲ. "ಅಕ್ಕಾ, ನೀವು ಮಲಗಿ, ಈ ಜಾವ ನಾನು ಆಡಿಸ್ತೀನಿ" ಎಂದು ಅವನು ಮೊದಲ ಸಲ ಹೇಳಿದಾಗ ಚೆನ್ನಾಜಮ್ಮನವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಇಲ್ಲಿಂದಲೇ ನೋಡಿದೆ. ಅಷ್ಟು ವರ್ಷದಲ್ಲಿ ಅವರಿಗೆ ಹಾಗೆಂದವರು ಯಾರಿದ್ದರು?

ಆದರೂ ಅವರು ಮಲಗಲಿಲ್ಲ. ಒಮ್ಮೆ ನನ್ನ ಅಂಗಡಿಗೆ ಸೀರೆ ಕೊಡಲು ಬಂದವರು ತಾವೇ ಹೇಳಿದರು. "ಅವನು ಆಡಿಸ್ತಾನೆ ಕಣೋ ಸಿದ್ಲಿಂಗ, ಚೆನ್ನಾಗೇ ಆಡಿಸ್ತಾನೆ. ನಂಗೆ ಮಾತ್ರ ಜಾವ ಜಾವಕ್ಕೂ ಎಚ್ಚರ ಆಗೋಗುತ್ತೆ. ಸೌಟಿನ ಸದ್ದು ಕೇಳ್ತಾ ಬಿದ್ದಿರ್ತೀನಿ. ನನ್ನ ಮೈಯೇ ಹಾಳಾಗಿದೆ."

ಗಡಿಗೆ ಮೆಲ್ಲಗೆ ಮುರಾರಿಯ ಕೈಗೆ ಹೋಯಿತು. ಅವನು ಅದಕ್ಕೊಂದು ಹಿತ್ತಾಳೆ ಮುಚ್ಚಳ ತಂದ. ರುಚಿ ನೋಡುವ ಪದ್ಧತಿಯನ್ನೂ ಸುಲಭ ಮಾಡಿದ. ನಿಂತು ಕೂಗಿ ಹೇಳುವುದು ಬೇಡ, ಮನೆಗೆ ಹೋಗಿ ಮೊಬೈಲಿನ ಊರ ಗುಂಪಿನಲ್ಲಿ ಹೆಬ್ಬೆರಳಿನ ಗುರುತು ಒತ್ತಿದರೆ ಸಾಕು. ಜನಕ್ಕೆ ಬಲು ಖುಷಿಯಾಯಿತು. ಕೆಲವರು ಬಟ್ಟಲು ಮನೆ ಸೇರುವ ಮೊದಲೇ ಹೆಬ್ಬೆರಳು ಒತ್ತುತ್ತಿದ್ದರು. ತೋಂಟಯ್ಯನವರು ಬೆಳಿಗ್ಗೆ ಎದ್ದ ಕೂಡಲೇ ಒತ್ತಿಬಿಡುತ್ತಿದ್ದರು, ಸಂಜೆ ಮರೆತುಹೋದರೆ ಎಂದು.

ಒಂದು ಸಂಜೆ ಮುರಾರಿ ಒಂದು ಬೇರು ತಂದು, ಎಲ್ಲರೆದುರಿಗೆ ಸಾಣೆಕಲ್ಲಿನ ಮೇಲೆ ತೇದು ಗಡಿಗೆಗೆ ಹಾಕಿದ. "ಇದರಿಂದ ನಿದ್ದೆ ಬೇಗ ಹತ್ತುತ್ತೆ. ನೀವೆಲ್ಲ ಕೇಳ್ತಿದ್ರಲ್ಲ. ಅನುಮಾನ ಇದ್ರೆ ರುಚಿ ನೋಡಿ" ಎಂದ. ಮುಚ್ಚಿಟ್ಟು ಮಾಡಿದ್ದರೆ ಅನುಮಾನ ಬರುತ್ತಿತ್ತು. ಎದುರಿಗೇ ಮಾಡಿದವನ ಮೇಲೆ ಯಾರಿಗೆ ಅನುಮಾನ? ಚೆನ್ನಾಜಮ್ಮನವರು ಮಾತ್ರ ಒಂದು ತೊಟ್ಟು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ನಿಂತರು, ಆಮೇಲೆ ಒಳಗೆ ಹೋದರು. ಅವತ್ತಿನಿಂದ ಮೊಸರನ್ನ ಉಂಡು ಕೈತೊಳೆಯುವಷ್ಟರಲ್ಲಿ ನಿದ್ದೆ. ಊರೆಲ್ಲ ಮುರಾರಿಯನ್ನು ಹೊಗಳಿದ್ದೇ ಹೊಗಳಿದ್ದು.

ಇನ್ನು ಆ ಮಧ್ಯಾಹ್ನದ ವಿಷಯ. ನಾನು ತೋಂಟಯ್ಯನವರ ಜರಿ ಪಂಚೆಗೆ ಇಸ್ತ್ರಿ ಹಾಕುತ್ತಿದ್ದೆ. ಎಲ್ಲೋ ಹಿತ್ತಾಳೆ ಬಡಿದ ಸದ್ದು ಕೇಳಿದ ಹಾಗಾಯಿತು. ಮತ್ತೊಮ್ಮೆ ಕೇಳಿದ ಹಾಗಾಯಿತು. ನೋಡುತ್ತೇನೆ, ಇಸ್ತ್ರಿಪೆಟ್ಟಿಗೆಯ ಕೆಳಗೆ ಪಂಚೆ ಕರಕಲಾಗಿದೆ, ಹೊಗೆ ಏಳುತ್ತಿದೆ, ನನ್ನ ಗಲ್ಲ ಮೇಜಿಗೆ ಒರಗಿ ನೋಯುತ್ತಿದೆ. ನಾನು ಕಣ್ಣು ಮುಚ್ಚಿದ್ದೇ ನೆನಪಿಲ್ಲ. ಆಚೆ ಹೋಟೆಲಿನಲ್ಲಿ ದೋಸೆ ಸೀದುಹೋಗಿತ್ತು. ಪಕ್ಕದ ಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿತ್ತು. ಎಲ್ಲರೂ ತಮ್ಮ ತಮ್ಮ ಎಡವಟ್ಟಿಗೆ ಒಂದೊಂದು ಕಾರಣ ಹುಡುಕಿಕೊಂಡು, ಮನೆಯವರ ಮೇಲೆ ರೇಗಿ ಸುಮ್ಮನಾದರು. ಪಂಚೆಯ ವಿಷಯದಲ್ಲಿ ತೋಂಟಯ್ಯನವರು ನನಗೆ ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಸಂಜೆ ಸಾಲು ಸೇರುವ ಹೊತ್ತಿಗೆ ಚೆನ್ನಾಜಮ್ಮನವರು ಗಡಿಗೆಗೆ ಅಡ್ಡ ನಿಂತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು. "ಯಾರೂ ಹೆಪ್ಪು ತಗೋಬೇಡಿ" ಎಂದರು. ಮನೆಯವರು ಕೊನೆಗೆ ಉಣ್ಣುವುದು ಅವರಲ್ಲಿ ಪದ್ಧತಿ. ಹಿಂದಿನ ದಿನ ಸಾಲು ಮುಗಿಯುವಾಗ ಅವರ ಪಾಲಿಗೆ ಏನೂ ಉಳಿದಿರಲಿಲ್ಲವಂತೆ, ಹಾಗಾಗಿ ಮೊಸರಿಲ್ಲದೆ ಉಂಡಿದ್ದರಂತೆ. ಮಧ್ಯಾಹ್ನ ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಹಿತ್ತಾಳೆ ಬಡಿದ ಸದ್ದು ಕೇಳಿತು, ಅದರ ಹಿಂದೆಯೇ ಬೀದಿಯ ಸದ್ದೆಲ್ಲ ಒಮ್ಮೆಲೇ ನಿಂತಿತು. ಬಂದು ನೋಡಿದರೆ ಇದ್ದವರು ಇದ್ದಲ್ಲೇ ಒರಗಿ ಗೊರಕೆ ಹೊಡೆಯುತ್ತಿದ್ದರು. ಮುರಾರಿ ಹಿತ್ತಾಳೆ ಮುಚ್ಚಳ ಹಿಡಿದು ಬೀದಿಯಲ್ಲಿ ಒಬ್ಬನೇ ನಡೆಯುತ್ತಿದ್ದ. ಒಬ್ಬೊಬ್ಬರ ಹತ್ತಿರ ಬಗ್ಗಿ, ರೆಪ್ಪೆ ಎತ್ತಿ ನೋಡಿ ಮುಂದೆ ಹೋಗುತ್ತಿದ್ದ. ಏನನ್ನೂ ಮುಟ್ಟಲಿಲ್ಲ, ಏನನ್ನೂ ತೆಗೆದುಕೊಳ್ಳಲಿಲ್ಲ. ವಾಪಸ್ ಬಂದು ಸೌಟಿನ ಹಿಡಿಯಿಂದ ಮುಚ್ಚಳವನ್ನು ಮತ್ತೆ ಬಡಿದ. ಎಲ್ಲರೂ ಎದ್ದರು.

"ಪರೀಕ್ಷೆ ಮಾಡ್ದ ಇವನು" ಎಂದರು ಚೆನ್ನಾಜಮ್ಮನವರು. "ತಾನು ಬೇಕು ಅಂದಾಗ ಊರು ಮಲಗುತ್ತೋ ಇಲ್ವೋ ಅಂತ ನೋಡ್ಕೊಂಡ. ಇವತ್ತು ಏನೂ ಮುಟ್ಟಲಿಲ್ಲ. ನಾಳೆ ಏನು ಮಾಡ್ತಾನೋ, ಯಾರಿಗೋಸ್ಕರ ಮಾಡ್ತಾನೋ ನಂಗೊತ್ತಿಲ್ಲ."

ಮುರಾರಿ ಗಾಬರಿಯಾಗಲಿಲ್ಲ. ಕೈ ಮುಗಿದು ನಿಂತೇ ಮಾತಾಡಿದ. "ಅಕ್ಕ ದೊಡ್ಡವರು, ದಣಿದಿದಾರೆ. ನಾನು ಎದುರು ಮಾತಾಡಲ್ಲ. ಗಡಿಗೆ ಇಲ್ಲೇ ಇದೆ, ದಿನಾ ರುಚಿ ನೋಡಿ ಹೆಬ್ಬೆರಳು ಒತ್ತಿದವರೂ ಇಲ್ಲೇ ಇದೀರಿ. ಹೆಪ್ಪು ಕೆಟ್ಟಿತ್ತು ಅಂತ ಅನ್ನಿಸಿದವರು ಯಾರಾದ್ರೂ ಒಬ್ಬರು ಹೇಳಿ, ನಾನು ಈಗ್ಲೇ ಹೋಗ್ತೀನಿ."

ನೋಡಿ, ಎಂಥ ಕಡೆ ಸಿಕ್ಕಿಸಿದ! ಹೆಪ್ಪು ಕೆಟ್ಟಿತ್ತು ಎಂದರೆ ಇಷ್ಟು ದಿನ ಹೆಬ್ಬೆರಳು ಒತ್ತಿದ್ದು ಸುಳ್ಳು ಎಂದಾಗುತ್ತದೆ. ತೋಂಟಯ್ಯನವರು ಗಂಟಲು ಸರಿಮಾಡಿಕೊಂಡರು. "ನಾನು ದಿನಾ ರುಚಿ ನೋಡಿದೀನಪ್ಪ. ಸರಿಯಾಗೇ ಇತ್ತು." ಅವರ ಹಿಂದಿದ್ದವರೂ ಅದನ್ನೇ ಹೇಳಿದರು. ಸಾಲಿನ ಉದ್ದಕ್ಕೂ ಅದೇ ಮಾತು. ಕಡೆಗೆ ಯಾರೋ ಹಿಂದಿನಿಂದ, "ಆಯಮ್ಮಂಗೆ ಹೊಟ್ಟೆಕಿಚ್ಚು, ಗಡಿಗೆ ಕೈ ತಪ್ಪೋಯ್ತಲ್ಲ" ಎಂದರು. ಗಡಿಗೆಯನ್ನು ಪೂರ್ತಿ ಮುರಾರಿಗೆ ಒಪ್ಪಿಸಿ, ಚೆನ್ನಾಜಮ್ಮನವರನ್ನು ಜಗಲಿಯಿಂದ ಕೆಳಗಿಳಿಸುವ ಮಾತು ಅಲ್ಲೇ ಶುರುವಾಯಿತು.

"ನಾನೂ ರುಚಿ ನೋಡ್ದೆ" ಎಂದರು ಅವರು. "ಆ ಬೇರು ಹಾಕಿದ ದಿನ. ಕೊನೇಲಿ ಒಂಚೂರು ಒಗರಿತ್ತು, ನಾಲಿಗೆಗೆ ಗೊತ್ತಾಯ್ತು. ಇವನೊಬ್ಬ ಹೋದ್ರೆ ಮತ್ತೆ ನಾನೇ ಏಳಬೇಕಲ್ಲ ಅಂತ ಸುಮ್ಮನಾದೆ. ನನ್ನ ತಪ್ಪು ನಾನು ಒಪ್ಕೋತೀನಿ. ನಿಮ್ಮದು ನೀವು ಒಪ್ಕೊಳ್ಳಿ, ಬಿಡಿ, ಅದು ನಿಮಗೆ ಬಿಟ್ಟಿದ್ದು. ಆದರೆ ನಾಳೆ ಮಧ್ಯಾಹ್ನ ಇದೇ ಮುಚ್ಚಳ ನಾನು ಬಡೀತೀನಿ. ನೀವೆಲ್ಲ ಮಲಗ್ತೀರೋ ಇಲ್ವೋ ನೋಡೋಣ."

"ಎಲ್ಲಾರೂ ಮಲಗಿದ್ರೆ ನೋಡೋರು ಯಾರಮ್ಮ?" ಎಂದು ಒಬ್ಬರು ಕೇಳಿದರು. ಜನ ನಕ್ಕರು.

"ಅದಕ್ಕೇ ಒಬ್ಬರಾದ್ರೂ ಇವತ್ತು ಮೊಸರು ಬಿಡಿ. ಒಂದು ರಾತ್ರಿ ನಿದ್ದೆ ಬಿಟ್ಟು ನಾಳೆ ಎಚ್ಚರವಾಗಿದ್ದು ನೋಡಿ. ಸುಳ್ಳಾದ್ರೆ ನಾನು ಈ ಮನೇನೇ ಬಿಟ್ಟು ಹೋಗ್ತೀನಿ."

ಯಾರೂ ಮುಂದೆ ಬರಲಿಲ್ಲ. ಒಂದೇ ಒಂದು ರಾತ್ರಿ! ಒಬ್ಬರಿಗೆ ನಾಳೆ ಸಂತೆ, ಒಬ್ಬರಿಗೆ ತಲೆನೋವು, ಒಬ್ಬರಿಗೆ ಮಗಳ ಮನೆಗೆ ಹೋಗುವುದಿದೆ. ನಾನು ಕೈ ಎತ್ತಿದೆ. ದೊಡ್ಡಸ್ತಿಕೆಗೆ ಅಲ್ಲ. ಆ ಸುಟ್ಟ ಪಂಚೆಗೆ ಕಾರಣ ನನ್ನ ತೂಕಡಿಕೆ ಅಲ್ಲ ಎಂದು ಊರಿಗೆ ತೋರಿಸಬೇಕಿತ್ತು. ಇಸ್ತ್ರಿಯವನಿಗೆ ಬಟ್ಟೆ ಸುಡುತ್ತಾನೆ ಎಂಬ ಹೆಸರು ಬಂದರೆ ಅಂಗಡಿ ಮುಚ್ಚಿದ ಹಾಗೆಯೇ.

ಮಾರನೆಯ ಮಧ್ಯಾಹ್ನ ಎಲ್ಲರೂ ಬಂದು ಬೀದಿಯಲ್ಲಿ ಕುಳಿತರು. ಮುರಾರಿ ಕಂಬಕ್ಕೊರಗಿ ನಿಂತಿದ್ದ. ಚೆನ್ನಾಜಮ್ಮನವರು ಮುಚ್ಚಳ ಎತ್ತಿ ಸೌಟಿನ ಹಿಡಿಯಿಂದ ಬಡಿದರು. ಮಾತಾಡುತ್ತಿದ್ದವರ ಮಾತು ಬಾಯಲ್ಲೇ ಉಳಿಯಿತು. ತೋಂಟಯ್ಯನವರು ಪಕ್ಕದಲ್ಲಿದ್ದ ಕ್ಷೌರದ ಅಂಗಡಿಯವನ ಹೆಗಲ ಮೇಲೆ ತಲೆಯಿಟ್ಟು ಗೊರಕೆ ಶುರು ಮಾಡಿದರು. ಇಡೀ ಬೀದಿ ಗೊರಕೆ. ಸುಳ್ಳು ಯಾಕೆ ಹೇಳಲಿ, ಭಯವಾಯಿತು. ಅಷ್ಟು ಜನರ ಗಂಟಲು ಅಲ್ಲಿ ಬಯಲಿಗೆ ಬಿದ್ದಿತ್ತು. ಕೇಳುವವರಿರಲಿಲ್ಲ.

ಎಚ್ಚರವಾಗಿದ್ದವರು ನಾವು ಮೂವರೇ, ಚೆನ್ನಾಜಮ್ಮನವರೂ ಹಿಂದಿನ ರಾತ್ರಿ ಮೊಸರು ಬಿಟ್ಟಿದ್ದರು. ಮುರಾರಿ ಎಂದೂ ನಮ್ಮ ಹೆಪ್ಪಿನ ಮೊಸರು ಉಂಡವನಲ್ಲ ಎಂಬುದು ನನಗೆ ಆಗಲೇ ಹೊಳೆದದ್ದು. ಅವನು ನನ್ನನ್ನು ನೋಡಿದ, ಹೆಗಲ ಮೇಲಿನ ವಲ್ಲಿ ತೆಗೆದು ನಿಧಾನವಾಗಿ ಮಡಚಿದ.

"ಯಾಕಪ್ಪಾ ಹಿಂಗೆ ಮಾಡ್ದೆ?" ಎಂದು ಚೆನ್ನಾಜಮ್ಮನವರು ಕೇಳಿದರು. ಬೈಗುಳವಿರಲಿಲ್ಲ ಆ ದನಿಯಲ್ಲಿ, ಬರೀ ಸಂಕಟವಿತ್ತು. "ತಮ್ಮ ಅಂತ ನಂಬಿದ್ದೆ ಕಣೋ."

"ನಾನು ಕದ್ದು ಮಾಡ್ಲಿಲ್ಲ ಅಕ್ಕ. ಎಲ್ಲರೆದುರೇ ತೇದೆ, ಎಲ್ಲರೆದುರೇ ಹಾಕ್ದೆ. ಎಲ್ಲರೂ ಸರಿಯಿದೆ ಅಂದ್ರು."

"ಯಾರು ಕಳಿಸಿದ್ರು ನಿನ್ನ?" ಎಂದು ನಾನು ಕೇಳಿದೆ. ಅವನು ಮಲಗಿದ್ದವರ ಕಾಲುಗಳನ್ನು ದಾಟಿಕೊಂಡು, ಯಾರನ್ನೂ ತುಳಿಯದೆ, ಬಸ್ಸಿನ ರಸ್ತೆ ಹಿಡಿದು ಹೋದ. ಓಡಿ ಹಿಡಿಯಬೇಕಿತ್ತು ಎಂದು ಆಮೇಲೆ ಬಹಳ ಜನ ಹೇಳಿದರು. ಅವರು ಆಗ ಗೊರಕೆ ಹೊಡೆಯುತ್ತಿದ್ದರು.

ಚೆನ್ನಾಜಮ್ಮನವರು ಎಬ್ಬಿಸಲು ಮುಚ್ಚಳ ಎತ್ತಿದಾಗ ನಾನು ತಡೆದೆ. ನಾನು ಹೇಳಿದರೆ ಊರು ನಂಬುತ್ತದೆ ಎಂಬ ಧೈರ್ಯ ನನಗಿರಲಿಲ್ಲ. ಹೋಗಿ ತೋಂಟಯ್ಯನವರ ಪೇಟ ತೆಗೆದು ಕ್ಷೌರದವನ ತಲೆಗಿಟ್ಟೆ. ಹೋಟೆಲಿನವನ ಎಡಗಾಲಿನ ಚಪ್ಪಲಿ ಮೇಷ್ಟರ ಕೈಗೆ ಕೊಟ್ಟೆ. ಗಂಡಸರ ವಲ್ಲಿಗಳನ್ನು ಅದಲುಬದಲು ಮಾಡಿದೆ. ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಆಮೇಲೆ "ಬಡೀರಕ್ಕ" ಎಂದೆ. ಎಲ್ಲರೂ ಎದ್ದು, ಅರ್ಧಕ್ಕೆ ನಿಂತಿದ್ದ ಮಾತನ್ನು ಅಲ್ಲಿಂದಲೇ ಮುಂದುವರಿಸಿದರು. ತೋಂಟಯ್ಯನವರು, "ನೋಡಮ್ಮ, ಏನೂ ಆಗ್ಲಿಲ್ವಲ್ಲ" ಎನ್ನುತ್ತಾ ತಲೆ ಮುಟ್ಟಿಕೊಂಡರು. ಪೇಟ ಇರಲಿಲ್ಲ.

ಗಡಿಗೆಯನ್ನು ಚರಂಡಿಗೆ ಸುರಿದರು. ಎಲ್ಲರ ಮನೆಯ ಮೊಸರನ್ನೂ ಸುರಿದರು. ಆವೇಶ ಇಳಿದ ಮೇಲೆ ಗೊತ್ತಾಯಿತು, ಇನ್ನು ಹೆಪ್ಪು ಎಲ್ಲಿಂದ? ಊರಿಗೆ ನಿದ್ದೆ ಎಲ್ಲಿಂದ? ಕೆಲವೇ ದಿನಗಳಲ್ಲಿ ಊರಿನ ಬಣ್ಣ ಬದಲಾಯಿತು. ಎಲ್ಲರ ಕಣ್ಣು ಕೆಂಪು. ಮಕ್ಕಳು ಅತ್ತೂ ಅತ್ತೂ ಸೊರಗಿದವು. ಗಂಡ ಹೆಂಡಿರು ಉಪ್ಪಿಗೆ ಜಗಳವಾಡಿದರು, ಹುಳಿಗೆ ಜಗಳವಾಡಿದರು. ಇದಕ್ಕೆಲ್ಲ ಯಾರು ಹೊಣೆ ಎಂದು ದಿನಾ ಪಂಚಾಯಿತಿ ಸೇರುತ್ತಿತ್ತು. ಮುರಾರಿ ಸಿಗುವುದಿಲ್ಲ, ಹಾಗಾಗಿ ಮಾತು ಸುತ್ತಿ ಸುತ್ತಿ ಚೆನ್ನಾಜಮ್ಮನವರ ಹತ್ತಿರ ಬರುತ್ತಿತ್ತು. "ನೀವು ಅವನನ್ನ ಸೇರಿಸ್ಕೊಳ್ಳದಿದ್ರೆ ಇದೆಲ್ಲ ಆಗ್ತಿತ್ತೇನಮ್ಮ?" ಎನ್ನುವಷ್ಟು ಗಟ್ಟಿ ಬಾಯಿ ಇನ್ನೂ ಕೆಲವರಿಗಿತ್ತು. ಯಾರನ್ನಾದರೂ ಸೇರಿಸಿಕೊಳ್ಳಿ ಎಂದು ಪೀಡಿಸಿದವರು ಅವರೇ ಎಂದು ನಾನು ಹೇಳಿದ್ದಕ್ಕೆ, ನಿನಗ್ಯಾಕೆ ಊರ ಉಸಾಬರಿ, ಬಟ್ಟೆ ನೋಡ್ಕೋ ಹೋಗು ಎಂದರು.

ಹಳೆಯ ಹೆಪ್ಪು ಒಂದೇ ಒಂದು ಮನೆಯಲ್ಲಿ ಉಳಿದಿತ್ತು. ಮರಿದೇವಮ್ಮನವರ ಮನೆಯಲ್ಲಿ. ಅವರು ಚೆನ್ನಾಜಮ್ಮನವರ ವಾರಗಿತ್ತಿ, ಹಿರಿಯ ಸೊಸೆ. ಅತ್ತೆ ಸಾಯುವಾಗ ಗಡಿಗೆಯನ್ನು ಹಿರಿಯಳಿಗೆ ಕೊಡದೆ ಕಿರಿಯಳಿಗೆ ಕೊಟ್ಟರು ಎಂದು ಮುನಿಸಿಕೊಂಡು, ಅವತ್ತೇ ಒಂದು ಬಟ್ಟಲು ಹೆಪ್ಪು ಎತ್ತಿಕೊಂಡು ಊರ ಕೊನೆಯ ಮನೆ ಸೇರಿದವರು ಮತ್ತೆಂದೂ ಸಾಲಿನಲ್ಲಿ ನಿಲ್ಲಲಿಲ್ಲ. ಒಂದು ಪುಟ್ಟ ಕುಡಿಕೆಯಲ್ಲಿ ತಮ್ಮೊಬ್ಬರಿಗಾಗುವಷ್ಟು ಹೆಪ್ಪಿಗೆ ತಾವೇ ಜಾವ ಜಾವಕ್ಕೆ ಕೈಯಾಡಿಸಿಕೊಂಡು ಬಂದಿದ್ದರು. ಹಟ ಎಂದರೆ ಹಟ. ತೋಂಟಯ್ಯನವರು ಹೋಗಿ ಕೇಳಿದ್ದಕ್ಕೆ ಬಾಗಿಲು ಅರ್ಧ ತೆರೆದು, "ಅವಳೇ ಬಂದು ಕೇಳ್ಲಿ" ಎಂದು ಹಾಕಿಕೊಂಡರಂತೆ.

ಚೆನ್ನಾಜಮ್ಮನವರು ಮೊದಲು ಒಪ್ಪಲಿಲ್ಲ. ಒಂದು ಹಗಲೆಲ್ಲ ಜಗಲಿಯ ಮೇಲೆ ಗೋಡೆ ನೋಡಿಕೊಂಡು ಕುಳಿತಿದ್ದರು. ಆಮೇಲೆ ನನ್ನನ್ನು ಕರೆದು, ತೊಳೆದ ಗಡಿಗೆ ಹೊರಿಸಿಕೊಂಡು ಹೊರಟರು. ಹಿಂದೆ ಊರು.

"ಯಾರದು?" ಒಳಗಿನಿಂದ ದನಿ ಬಂತು.

"ನಾನಕ್ಕ. ಚೆನ್ನಾಜಿ."

ಬಾಗಿಲು ತೆರೆಯಿತು. ಮರಿದೇವಮ್ಮನವರು ಹೊಸ್ತಿಲ ಒಳಗೇ ನಿಂತರು. ಇವರನ್ನು ನೋಡಿದರು, ನನ್ನ ತಲೆಯ ಮೇಲಿನ ಗಡಿಗೆ ನೋಡಿದರು. "ಏನು ಬೇಕು?"

"ಹೆಪ್ಪು."

"ಯಾರಿಗೆ?"

"ಊರಿಗೆ."

"ಊರಿಗೆ ಕೊಡಲ್ಲ" ಎಂದರು ಮರಿದೇವಮ್ಮನವರು. "ಊರು 'ಸರಿಯಿದೆ' ಅಂದದ್ದೆಲ್ಲ ನನ್ನ ಕಿವಿಗೂ ಬಿದ್ದಿದೆ. ನಿಂಗೆ ಬೇಕಾ ಹೇಳು."

ಚೆನ್ನಾಜಮ್ಮನವರು ತಲೆ ತಗ್ಗಿಸಿದರು. ಆಮೇಲೆ ಒಮ್ಮೆಲೇ, ಅಷ್ಟು ಜನ ನೋಡುತ್ತಿದ್ದಾರೆ ಎಂಬ ನಾಚಿಕೆಯೂ ಇಲ್ಲದೆ ಬಿಕ್ಕಿಬಿಕ್ಕಿ ಅತ್ತರು. "ನಂಗೇ ಬೇಕಕ್ಕ. ನಂಗೆ ನಿದ್ದೆ ಬೇಕು. ಅತ್ತೆ ಆ ಗಡಿಗೆ ಕೊಟ್ಟ ದಿನದಿಂದ ನಾನು ಮಲಗಿಲ್ಲ. ನೀನೇ ತಗೊಂಡಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅಂತ ಎಷ್ಟು ಸಲ ಅಂದ್ಕೊಂಡಿದೀನೋ ಆ ದೇವರಿಗೇ ಗೊತ್ತು."

ಮರಿದೇವಮ್ಮನವರು ಇವರ ಕೈ ಹಿಡಿದು ಜಗಲಿಯ ಮೇಲೆ ಕೂರಿಸಿ, ಒಳಗೆ ಹೋಗಿ ಬಟ್ಟಲಲ್ಲಿ ಮೊಸರನ್ನ ಕಲಸಿಕೊಂಡು ಬಂದರು, ಅಂಚಿಗೆ ಒಂದು ಉಪ್ಪಿನಕಾಯಿ ಹೋಳು. ಊರು ಬಟ್ಟಲನ್ನೇ ನೋಡಿತು. ಇದರಲ್ಲೂ ಏನಾದರೂ ಇದ್ದರೆ? ಇಷ್ಟು ವರ್ಷದ ಹಗೆಯಲ್ಲವೇ? ತೋಂಟಯ್ಯನವರು ಮೆಲ್ಲಗೆ, "ಮೊದಲು ಒಬ್ಬರು ಉಂಡು ಮಲಗಿ ಏಳಲಿ, ಆಮೇಲೆ ಉಳಿದವರು" ಎಂದರು. ಯಾರು ಮೊದಲು ಎಂದು ಯಾರೂ ಕೇಳಲಿಲ್ಲ, ಚೆನ್ನಾಜಮ್ಮನವರು ಆಗಲೇ ಉಣ್ಣುತ್ತಿದ್ದರು. ಒಂದೊಂದು ತುತ್ತನ್ನೂ ನಾಲಿಗೆಯ ಮೇಲೆ ಇಟ್ಟುಕೊಂಡು ಉಂಡರು. ಕೈ ತೊಳೆದು, ಅಲ್ಲೇ ಸೆರಗು ಹಾಸಿ ಒರಗಿದರು. ನಿದ್ದೆ ಕೂಡಲೇ ಬರಲಿಲ್ಲ. ಆಚೆ ಹೊರಳಿದರು, ಈಚೆ ಹೊರಳಿದರು. ಆಮೇಲೆ ಯಾವಾಗಲೋ ಉಸಿರು ನಿಧಾನವಾಯಿತು.

ಆಮೇಲೆ ನಡೆದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಒಬ್ಬ ಹೆಂಗಸು ಮಲಗಿದ್ದಳು, ಇಡೀ ಊರು ಎದ್ದು ಕಾಯುತ್ತಿತ್ತು. ಅವರು ಏಳುತ್ತಾರೋ ಇಲ್ಲವೋ, ಏಳುವವರೆಗೆ ನಮಗೆ ಅನ್ನವಿದ್ದೂ ನಿದ್ದೆಯಿಲ್ಲ. ಕೆಮ್ಮು ಬಂದವರು ಬಾಯಿಗೆ ಬಟ್ಟೆ ತುರುಕಿಕೊಂಡು ದೂರ ಹೋದರು. ನಾಯಿ ಬೊಗಳಿದರೆ ತೋಂಟಯ್ಯನವರೇ ಎದ್ದು ಓಡಿಸಿದರು. ಮರಿದೇವಮ್ಮನವರು ಊರವರು ತಂದು ಗಡಿಗೆಗೆ ಸುರಿದ ಹಾಲಿಗೆ ಕುಡಿಕೆಯ ಹೆಪ್ಪನ್ನು ಬೆರೆಸಿ, ಜಾವ ಬಂದಾಗಲೆಲ್ಲ ಕೈಯಾಡಿಸುತ್ತಾ ತಂಗಿಯ ತಲೆಯ ಹತ್ತಿರ ಕುಳಿತರು. ಮಾರನೆಯ ದಿನ ಹೊತ್ತು ನೆತ್ತಿಗೆ ಬಂದರೂ ಚೆನ್ನಾಜಮ್ಮನವರು ಅಲ್ಲಾಡಲಿಲ್ಲ. ಕೆಲವರಿಗೆ ತಾಳ್ಮೆ ತಪ್ಪಿತು. "ಒಂದ್ಸಲ ಎಬ್ಬಿಸಿ ನೋಡಣ" ಎಂದು ಒಬ್ಬರು ಮುಂದೆ ಬಂದರು.

"ಮುಟ್ಟಿದ್ರೆ ಕೈ ಮುರೀತೀನಿ" ಎಂದರು ಮರಿದೇವಮ್ಮನವರು.

ಕಡೆಗೆ ಅವರೇ ಕಣ್ಣು ಬಿಟ್ಟರು. ಎದುರಿಗೆ ಅಷ್ಟು ಮುಖಗಳನ್ನು ನೋಡಿ ಬೆಚ್ಚಿಬಿದ್ದು, "ಅಯ್ಯೋ, ಜಾವ ತಪ್ಪೋಯ್ತಲ್ಲ!" ಎಂದು ಏಳಹೋದರು.

"ಆಡಿಸಿದೀನಿ. ಮಲಕ್ಕೋ" ಎಂದು ಅಕ್ಕ ಭುಜ ಒತ್ತಿದರು.

ಚೆನ್ನಾಜಮ್ಮನವರು ಅಕ್ಕನ ಮುಖ ನೋಡಿದರು. ನಂಬಿಕೆ ಬಂದಿರಬೇಕು. ಮತ್ತೆ ಒರಗಿ, ನಮಗೆ ಬೆನ್ನು ಮಾಡಿ ಕಣ್ಣು ಮುಚ್ಚಿದರು. ಅವರು ಎದ್ದದ್ದು ಎಲ್ಲರಿಗೂ ಕಂಡಿತ್ತು, ಅಷ್ಟು ಸಾಕಾಗಿತ್ತು. ಜನ ಬಟ್ಟಲು ಹಿಡಿದು ಎದ್ದರು. ತೋಂಟಯ್ಯನವರು ಮೊದಲು. ಅವರು ಒಂದು ತೊಟ್ಟು ನಾಲಿಗೆಗೆ ಹಚ್ಚಿಕೊಂಡು, ಕಣ್ಣು ಮುಚ್ಚಿ ಬಹಳ ಹೊತ್ತು ನಿಂತರು. "ಇದೇನಾ ತಾಯಿ ಸರಿಯಾದ ರುಚಿ?" ಎಂದು ಕೇಳಿದರು.

"ನನ್ನ ಕೇಳ್ಬೇಡಿ. ನಾಲಿಗೆ ನಿಮ್ದು" ಎಂದ ಮರಿದೇವಮ್ಮನವರು ಸೌಟನ್ನು ಗಡಿಗೆಯ ಮೇಲೆ ಅಡ್ಡ ಇಟ್ಟು ಕೈ ಒರೆಸಿಕೊಂಡರು. "ನಾನು ನನ್ನೊಬ್ಬಳಿಗೆ ಅಂತ ಆಡಿಸ್ಕೊಂಡು ಬಂದೋಳು. ತಂಗಿಗೆ ಅಂತ ಒಂದು ದಿನ ಆಡಿಸ್ದೆ. ಊರಿಗೆ ಅಂತ ನಾನು ಆಡಿಸಲ್ಲ, ಅವಳನ್ನೂ ಆಡಿಸೋಕೆ ಬಿಡಲ್ಲ. ಮುಂದಿನ ಜಾವ ಯಾರದು?"

ಸಾಲಿನಲ್ಲಿ ಎಲ್ಲರೂ ತಮ್ಮ ತಮ್ಮ ಬಟ್ಟಲು ನೋಡಿಕೊಂಡರು. ನಾನೂ ನೋಡಿಕೊಂಡೆ. ಜಾವ ಹತ್ತಿರ ಬರುತ್ತಿತ್ತು. ಆಗ ಜಗಲಿಯ ಮೇಲೆ ಮಲಗಿದ್ದ ಚೆನ್ನಾಜಮ್ಮನವರ ಬಲಗೈ ಮೆಲ್ಲಗೆ ಮೇಲೆದ್ದಿತು. ಅವರಿಗೆ ಎಚ್ಚರವಿರಲಿಲ್ಲ, ಉಸಿರು ಹಾಗೆಯೇ ನಡೆಯುತ್ತಿತ್ತು. ಕೈ ಮಾತ್ರ ಗಾಳಿಯಲ್ಲಿ ಸುತ್ತು ಹಾಕತೊಡಗಿತು, ಸೌಟು ಹಿಡಿದ ಹಾಗೆ ಬೆರಳು ಮಡಚಿಕೊಂಡು, ನಿಧಾನವಾಗಿ, ತಳದಿಂದ ಮೇಲಕ್ಕೆ. ಅವರ ಗಂಡ ಸತ್ತ ದಿನ ಬಟ್ಟಲು ಹಿಡಿದು ನಿಂತಿದ್ದವರೆಲ್ಲ ಅಲ್ಲಿದ್ದರು. ಎಲ್ಲರೂ ಅದನ್ನು ನೋಡಿದರು.

ತೋಂಟಯ್ಯನವರು ಬಟ್ಟಲನ್ನು ಕೆಳಗಿಟ್ಟರು. ಪಂಚೆ ಎತ್ತಿ ಕಟ್ಟಿಕೊಂಡು ಜಗಲಿ ಹತ್ತಿ, ಸೌಟಿಗೆ ಕೈಚಾಚಿ, ಮಲಗಿದ್ದವರಿಗೆ ಕೇಳಿಸದ ಹಾಗೆ ಸಣ್ಣ ದನಿಯಲ್ಲಿ, ಇದನ್ನು ಹೇಗೆ ಹಿಡಿಯುವುದು ಎಂದು ಕೇಳಿದರು.